ಅಪ್ಪನಿಗೆ ಧಿಕ್ಕಾರ ಕೂಗಿದ ಮುನಿಯಮ್ಮ

ಇವತ್ತು ಬೆಳಿಗ್ಗೆ ಜಕ್ಕೂರಿನ ನಮ್ಮ ಬೀದಿಯ ಚರಂಡಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದರು. ಆ ವಾಸನೆಗೆ ಯಶವಂತಪುರದ ಹಳೇ ಮನೆ ಕಣ್ಣ ಮುಂದೆ ಬಂತು.

ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್, ಯೂನಿಯನ್ ಲೀಡರ್. ಆಮೇಲೆ ನಮ್ಮ ವಾರ್ಡಿನ ಕಾರ್ಪೊರೇಟರ್ ಆದರು. ಗೆದ್ದ ಮೇಲೂ ಅದೇ ಖಾಕಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಬೀದಿ ಗುಡಿಸುವವರ ಕೆಲಸ ಕಾಯಂ ಮಾಡಿಸುತ್ತೇನೆಂದು ಮಾತು ಕೊಟ್ಟಿದ್ದರು. ಆಗಲಿಲ್ಲ.

ಒಂದು ದಿನ ಆ ಹೆಂಗಸರೆಲ್ಲ ಪೊರಕೆ ಹಿಡಿದು ಬಂದು ನಮ್ಮ ಮನೆ ಮುಂದೆಯೇ ಕೂತರು. ಮುಂದಿದ್ದ ಮುನಿಯಮ್ಮನಿಗೆ ಘೋಷಣೆ ಕೂಗುವುದನ್ನು ಕಲಿಸಿದ್ದು ಅಪ್ಪನೇ. ಅವಳು ಅಪ್ಪನ ಹೆಸರು ಹಿಡಿದು ಧಿಕ್ಕಾರ ಕೂಗಿದಳು. ಆಗಿನ್ನೂ ಚಿಕ್ಕವಳಾಗಿದ್ದ ನಾನು ಅಳುತ್ತಾ ಬಾಗಿಲಿಗೆ ಚಿಲಕ ಹಾಕಿದೆ.

ಅಪ್ಪ ಚಿಲಕ ತೆಗೆದು ಹೊರಗೆ ಹೋಗಿ ಅವರೆದುರು ನೆಲದ ಮೇಲೆ ಕೂತರು. "ನನ್ ಕೈಲಿ ಆಗ್ಲಿಲ್ಲ ಕಣಮ್ಮ. ನಮ್ ಪಾರ್ಟಿಯೋರೇ ಫೈಲ್ ತಡೆದಿದಾರೆ" ಎಂದರು.

"ಅದನ್ನ ಮೀಟಿಂಗ್ನಾಗೆ ಎಲ್ಲಾರ ಮುಂದೆ ಏಳ್ತೀಯೇನಣ್ಣ?" ಎಂದು ಮುನಿಯಮ್ಮ ಕೇಳಿದಳು.

ಮರುದಿನ ಅಪ್ಪ ಕಾರ್ಪೊರೇಷನ್ ಸಭೆಯಲ್ಲಿ ಅದನ್ನೇ ಹೇಳಿ, ಎದ್ದು ಬಂದು ಹೆಂಗಸರ ಜೊತೆ ಧರಣಿ ಕೂತರು. ಕೊನೆಗೆ ಅರ್ಧದಷ್ಟು ಜನರ ಕೆಲಸ ಕಾಯಂ ಆಯಿತು, ಮುನಿಯಮ್ಮನದೂ ಆಯಿತು. ಮುಂದಿನ ಚುನಾವಣೆಯಲ್ಲಿ ಪಕ್ಷ ಅಪ್ಪನಿಗೆ ಟಿಕೆಟ್ ಕೊಡಲಿಲ್ಲ. ಅವರು ಮತ್ತೆ ಬಸ್ಸು ಹತ್ತಿ ಯೂನಿಯನ್ ಆಫೀಸಿಗೆ ಹೋಗತೊಡಗಿದರು. ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ.

ಇವತ್ತು ತಿಂಡಿ ಹೊತ್ತಿನಲ್ಲಿ ನಾನೇ ಕೇಳಿದೆ. "ಟಿಕೆಟ್ ತಪ್ಪಿದ್ದಕ್ಕೆ ಬೇಜಾರಾಗ್ಲಿಲ್ವಾ ಅಪ್ಪ?"

"ಆಗ್ದೆ ಇರುತ್ತಾ? ನಿಂತಿದ್ರೆ ಗೆಲ್ತಿದ್ದೆ ಕಣಮ್ಮ" ಎಂದ ಅಪ್ಪ, ಇನ್ನೊಂದು ಇಡ್ಲಿ ಹಾಕಿಸಿಕೊಂಡರು.