ಉಮ್ಮ ಹುಡುಕಿದ ಹಸಿರು ಬೆಳಕು

ನನ್ನ ಕಾರು ಹಳೆಯ ಹೈಬ್ರಿಡ್. ಪೆಟ್ರೋಲಿನಲ್ಲೂ ಓಡುತ್ತದೆ, ಬ್ಯಾಟರಿಯಲ್ಲೂ ಓಡುತ್ತದೆ. ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅದರಲ್ಲಿ ಮುಳ್ಳು ತಿರುಗುವ ಮೀಟರಿಲ್ಲ. ಸ್ಪೀಡು, ಪೆಟ್ರೋಲು, ಗೇರು ಎಲ್ಲವೂ ಡ್ಯಾಶ್‌ಬೋರ್ಡಿನ ನಡುವೆ, ಗಾಜಿನ ಬುಡದಲ್ಲಿ, ಹಸಿರು ಬೆಳಕಿನಲ್ಲಿ ಮೂಡುತ್ತವೆ. ಕೆಲವು ತಿಂಗಳಿಂದ ಆ ಹಸಿರು ಆಗಾಗ ಆರಿಹೋಗುತ್ತಿತ್ತು. ಹಳೆಯ ಟಿವಿಗೆ ಬಡಿದ ಹಾಗೆ ಮೇಲಿನಿಂದ ಒಂದು ಬಡಿದರೆ ಮರಳಿ ಬರುತ್ತಿತ್ತು. ಬಡಿದರೆ ಸರಿಯಾಗುವುದನ್ನು ರಿಪೇರಿಗೆ ಯಾರು ಕೊಡುತ್ತಾರೆ? ಕಡಬದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡ ನನಗೆ ಅಷ್ಟು ಪುರುಸೊತ್ತೂ ಇರಲಿಲ್ಲ.

ಆ ದಿನ ಬೆಳಿಗ್ಗೆ ಉಮ್ಮನನ್ನು ಕಣ್ಣಿನ ಆಪರೇಶನ್ನಿಗೆ ಪುತ್ತೂರಿಗೆ ಕರೆದುಕೊಂಡು ಹೊರಟಿದ್ದೆ. ಎರಡೂ ಕಣ್ಣಿಗೆ ಪೊರೆ ಬಂದು, ಕುರ್‌ಆನ್ ಓದಲಾಗದೆ ನನ್ನ ತಾಯಿ ಎರಡು ರಂಜಾನ್ ಕಳೆದಿದ್ದರು. ಹಾಗೆಂದು ಆಪರೇಶನ್ನಿಗೆ ಸುಲಭದಲ್ಲಿ ಒಪ್ಪುವವರಲ್ಲ. ಹೊರಟ ದಾರಿಯಲ್ಲಿ ಏನಾದರೂ ಕೆಟ್ಟರೆ ಆ ಕೆಲಸದಲ್ಲಿ ಖೈರ್ ಇಲ್ಲ, ಅದರಿಂದ ಒಳ್ಳೆಯದಾಗುವುದಿಲ್ಲ ಎಂಬುದು ಅವರ ಹಟ. ಒಮ್ಮೆ ಟಯರ್ ಪಂಕ್ಚರ್ ಆಯಿತೆಂದು, ಇನ್ನೊಮ್ಮೆ ಹೊಸ್ತಿಲಲ್ಲೇ ಚಪ್ಪಲಿ ಹರಿಯಿತೆಂದು ವಾಪಸು ಬಂದಿದ್ದೆವು.

"ಇನ್ನೊಂದು ಸಲ ಹೀಗಾದ್ರೆ ಮತ್ತೆ ನನ್ನನ್ನು ಕರೀಬೇಡ ಮೋನೆ," ಎಂದು ಮಗನಾದ ನನಗೆ ಮೊದಲೇ ಹೇಳಿಬಿಟ್ಟಿದ್ದರು. ಉಮ್ಮ ಹೇಳಿದರೆ ಹೇಳಿದ್ದೇ.

ಆಲಂಕಾರು ದಾಟಿದ ಕೂಡಲೇ ಮೀಟರ್ ಆರಿತು. ಬಡಿದೆ. ಇನ್ನೊಮ್ಮೆ ಬಡಿದೆ. ಊಹೂಂ! ಎಷ್ಟು ಸ್ಪೀಡಿನಲ್ಲಿದ್ದೇನೆ, ಪೆಟ್ರೋಲ್ ಎಷ್ಟಿದೆ, ಒಂದೂ ಗೊತ್ತಿಲ್ಲ. ಕಾರು ಮಾತ್ರ ತನಗೇನೂ ಆಗಿಯೇ ಇಲ್ಲವೆಂಬಂತೆ ಓಡುತ್ತಿತ್ತು.

"ಎಂತ ಬಡಿಯುದು?" ಪಕ್ಕದ ಸೀಟಿನಿಂದ ಉಮ್ಮ ಕೇಳಿದರು.

"ಧೂಳು ಉಮ್ಮಾ."

"ಅಲ್ಲಿ ಹಸಿರು ಇತ್ತಲ್ಲ, ಎಲ್ಲಿ ಹೋಯ್ತು? ಮಸುಕಾಗಿ ಆದ್ರೂ ಕಾಣ್ತಿತ್ತು. ಈಗ ಕಾಣುದೇ ಇಲ್ಲ."

ಕೆಟ್ಟಿದೆ ಎಂದರೆ ಕಾರು ತಿರುಗಿಸಬೇಕು. ಈ ಜನ್ಮದಲ್ಲಿ ಆಪರೇಶನ್ ಇಲ್ಲ. ಯೋಚಿಸುವ ಮೊದಲೇ ಬಾಯಿಯಿಂದ ಬಂದುಬಿಟ್ಟಿತು: "ಹಸಿರು ಅಲ್ಲೇ ಉಂಟು ಉಮ್ಮಾ. ನಿಮ್ಮ ಕಣ್ಣೇ ಅಷ್ಟು ಹಾಳಾಗಿದೆ. ಇವತ್ತು ತಪ್ಪಿದ್ರೆ ಮತ್ತೆ ಕಷ್ಟ."

ಉಮ್ಮ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು. "ಹಾಗಾದ್ರೆ ಬೇಗ ಹೋಗು," ಎಂದರು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಆದರೂ ನಿಲ್ಲಿಸಲಿಲ್ಲ. ಶಾಂತಿಮೊಗರು ಸೇತುವೆಯಿಂದ ಪುತ್ತೂರಿನವರೆಗೆ ಒಂದು ಬಸ್ಸಿನ ಹಿಂದೆಯೇ ಹೋದೆ. ಅದರ ಸ್ಪೀಡೇ ನನ್ನ ಸ್ಪೀಡು.

ಒಂದು ಕಣ್ಣಿನ ಆಪರೇಶನ್ ಮುಗಿಯಿತು. ರಾತ್ರಿ ಅಲ್ಲೇ ಉಳಿದೆವು. ಬೆಳಿಗ್ಗೆ ಪಟ್ಟಿ ಬಿಚ್ಚಿದ ಡಾಕ್ಟರು, ಚೆನ್ನಾಗಿ ಆಗಿದೆ, ಓದಲಿಕ್ಕೆ ಕನ್ನಡಕ ತಿಂಗಳು ಕಳೆದು ಕೊಡುತ್ತೇವೆ ಎಂದರು. ನಾನು ಖುಷಿಯಲ್ಲಿ ತೇಲುತ್ತಾ ಕಾರಿನ ಬಟನ್ ಒತ್ತಿದೆ. ಬೆಳಕಿಲ್ಲ, ಸದ್ದಿಲ್ಲ. ಹೈಬ್ರಿಡ್ ಕಾರು ಆನ್ ಆದರೂ ಉಸಿರೆತ್ತುವುದಿಲ್ಲ. ಅಂದಾಜಿನಲ್ಲಿ ಗೇರು ಹಾಕಿ ಮೆಲ್ಲನೆ ಒತ್ತಿದೆ, ಪುಣ್ಯಕ್ಕೆ ಹೊರಟಿತು. ಹಿಂದಿನ ದಿನದ ಸುಳ್ಳು ನನಗೆ ಮರೆತೇಹೋಗಿತ್ತು. ಉಮ್ಮನಿಗೆ ಮರೆತಿರಲಿಲ್ಲ. ಕಪ್ಪು ಕನ್ನಡಕ ಮೇಲೆತ್ತಿ, ಮುಂದೆ ಬಾಗಿ, ಮೀಟರಿನ ಕಡೆಯೇ ನೋಡುತ್ತಿದ್ದರು.

"ಕಾಣುದಿಲ್ಲ," ಎಂದರು. "ಆಸ್ಪತ್ರೆಯ ಗೇಟು ಕಂಡಿತು, ಬಸ್ಸು ಕಂಡಿತು. ಆ ಹಸಿರು ಇಲ್ಲ. ದೂರದ್ದು ಬಂತು, ಹತ್ತಿರದ್ದು ಹೋಯ್ತು ಮೋನೆ. ಇನ್ನು ಓದ್ಲಿಕ್ಕೆ ಆಗ್ಲಿಕ್ಕಿಲ್ಲ."

ಕಾರನ್ನು ರಸ್ತೆ ಬದಿಗೆ ಹಾಕಿದೆ.

"ಅಲ್ಲ ಉಮ್ಮಾ, ಲೈಟೇ ಇಲ್ಲ. ಮೀಟರ್ ಹಾಳಾಗಿದೆ. ನಿನ್ನೆ ನಾನು ಹೇಳಿದ್ದು ಸುಳ್ಳು."

"ನಿನ್ನೆ ಉಂಟು ಅಂದಿ, ಇವತ್ತು ಇಲ್ಲ ಅಂತಿ. ನನ್ನನ್ನು ಸಮಾಧಾನ ಮಾಡ್ಲಿಕ್ಕೆ ಹೇಳುದಲ್ವಾ?"

ಎಷ್ಟು ಹೇಳಿದರೂ ನಂಬಲಿಲ್ಲ. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಎಂದರೆ ಇದೇ. ಉಮ್ಮ ಕಪ್ಪು ಕನ್ನಡಕ ಕೆಳಗಿಳಿಸಿ, ಕಡಬ ಮುಟ್ಟುವವರೆಗೆ ಕಿಟಕಿಯ ಕಡೆ ತಿರುಗಿಯೇ ಕೂತರು.

ಮನೆಗೆ ಹೋಗದೆ ನೇರವಾಗಿ ಟಿವಿ, ಮಿಕ್ಸಿ ರಿಪೇರಿ ಮಾಡುವವರ ಅಂಗಡಿ ಮುಂದೆ ನಿಲ್ಲಿಸಿದೆ. ಸುಳ್ಯ ಕಡೆಯ ಮನುಷ್ಯ, ಪರಿಚಯದವರು. ಪಕ್ಕದ ಗ್ಯಾರೇಜಿನವರು ಮೀಟರ್ ಬಿಚ್ಚಿಕೊಟ್ಟರು. ಇವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕರು.

"ಹಳೇ ಟಿವಿಗೆ ಬರುವ ರೋಗವೇ ಮಾರಾಯ್ರೆ. ಕೆಪಾಸಿಟರ್ ಅಂತ ಇಷ್ಟೇ ಇಷ್ಟು ಚಿಕ್ಕದು, ಅದು ಸತ್ತಿದೆ. ಬಡಿದು ಬಡಿದು ಎಷ್ಟು ದಿನ ಓಡಿಸಿದ್ರಿ?"

ಅವರು ಬೆಸುಗೆ ಹಾಕಿ ಮುಗಿಸುವಾಗ ಎರಡು ಗಂಟೆ ಕಳೆದಿತ್ತು. ಅಷ್ಟು ಹೊತ್ತೂ ಉಮ್ಮ ಅಂಗಡಿಯ ಕುರ್ಚಿಯಲ್ಲಿ ಕೂತಿದ್ದರು. ತರಿಸಿಕೊಟ್ಟ ಎಳನೀರಿನ ಬೊಂಡ ಹಾಗೆಯೇ ಇತ್ತು.

ಮೀಟರನ್ನು ಮರಳಿ ಜೋಡಿಸಿದ ಮೇಲೆ ಉಮ್ಮನನ್ನು ಸೀಟಿನಲ್ಲಿ ಕೂರಿಸಿ ಬಟನ್ ಒತ್ತಿದೆ. ಯಾ ಅಲ್ಲಾಹ್! ಹಸಿರು ಬಂತು. ನಾನು ಮೀಟರ್ ನೋಡಲಿಲ್ಲ, ಉಮ್ಮನ ಮುಖ ನೋಡಿದೆ. ಅವರು ಕನ್ನಡಕ ಎತ್ತಿದರು, ಬಾಗಿದರು.

"ಸೊನ್ನೆ," ಎಂದರು. "ಅಂಚು ಸ್ವಲ್ಪ ಮಬ್ಬು. ಆದ್ರೂ ಸೊನ್ನೆಯೇ."

"ಸೊನ್ನೆಯೇ ಉಮ್ಮಾ! ನಿಂತ ಕಾರಿಗೆ ಸ್ಪೀಡ್ ಸೊನ್ನೆಯೇ!"

"ಅಲ್‌ಹಮ್ದುಲಿಲ್ಲಾಹ್," ಎಂದವರೇ ನನ್ನ ಹೆಗಲಿಗೆ ಫಟಾರನೆ ಎರಡು ಬಿಗಿದರು. "ಇದು ನಿನ್ನೆಯ ಸುಳ್ಳಿಗೆ." ರಿಪೇರಿಯವರು ಮುಖ ಆಚೆ ತಿರುಗಿಸಿ ನಕ್ಕರು. ನನಗೆ ನಗುವೂ ಬಂತು, ಕಣ್ಣೀರೂ ಬಂತು.

ಉಮ್ಮ ಬೊಂಡದ ನೀರು ತರಿಸಿಕೊಂಡು ಕುಡಿದು, ಮತ್ತೆ ಮೀಟರಿಗೆ ಬಾಗಿದರು. "ಆಚೆ ಬದಿಯಲ್ಲಿ ಒಂದೇ ಗೆರೆ ಉಂಟಲ್ಲ, ಅದೆಂತ?"

"ಪೆಟ್ರೋಲು. ಮುಗೀತಾ ಬಂದಿದೆ."

"ಇನ್ನೊಂದು ಕಣ್ಣಿಗೆ ಹೋಗುವಾಗ ತುಂಬಿಸಿ ಇಡು. ಮತ್ತೆ ದಾರಿಯಲ್ಲಿ ಎಂತ ಹಾಳಾದ್ರೂ ಇದ್ದದ್ದನ್ನು ಇದ್ದ ಹಾಗೆ ಹೇಳು ಮೋನೆ. ತಿರುಗಿಸು ಅಂತ ನಾನು ಹೇಳುದಿಲ್ಲ."