ಮದಲಿಂಗನ ಪಾಠ ಹೇಳಿದ ಉಪದೇಶಿ ಶಾಂತಕುಮಾರರು

ಕೊಪ್ಪಳ ಸೀಮೆಯ ಸಣ್ಣ ಸಣ್ಣ ಕ್ರೈಸ್ತ ಸಭೆಗಳಲ್ಲಿ ಮೂವತ್ತೆರಡು ವರ್ಷ ಉಪದೇಶಿಯಾಗಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಶಾಂತಕುಮಾರ ಅವರು ದೊಡ್ಡ ವಿದ್ವಾಂಸರಲ್ಲ. ವಿದ್ವಾಂಸರೆಂದು ಹೊಗಳಿದರೆ ಅವರೇ ಸಿಟ್ಟಾಗುತ್ತಾರೆ. ಆದರೆ ಯೆಹೂದ್ಯರ ಪುರಾತನ ಮದುವೆಯ ಪದ್ಧತಿಯನ್ನು ಹೊಲದ ಜನರ ಎದೆಗೆ ಇಳಿಯುವಂತೆ ಹೇಳುವವರು ಈ ನಾಲ್ಕು ತಾಲೂಕುಗಳಲ್ಲಿ ಇನ್ನೊಬ್ಬರಿಲ್ಲ.

ಕುಷ್ಟಗಿಯಲ್ಲಿ ಸೇವೆ ಆರಂಭಿಸಿದ ಅವರು ಮುಂದೆ ಬೇವೂರಿನ ಕಡೆ ಏಳು ವರ್ಷ ಸೈಕಲ್ ತುಳಿದರು. ಅಲ್ಲಿ ಇಮಾಮಬೀ ಎಂಬ ಮುದುಕಿ ಕಾಲು ಮುರಿದುಕೊಂಡಾಗ, ಸಭೆಯವಳಲ್ಲ ಎಂದು ನೋಡದೆ ಹನ್ನೊಂದು ದಿನ ಆಸ್ಪತ್ರೆಗೆ ಬುತ್ತಿ ಹೊತ್ತರು. ಸಭೆಯ ಹಿರಿಯರು ತಕರಾರು ತೆಗೆದರು. ಆ ಹಿರಿಯರಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಇರಕಲ್ಲಗಡಕ್ಕೆ ವರ್ಗವಾದ ಮೇಲೆ ಆ ಮದುವೆಯ ಪಾಠ ಹೆಸರಾಯಿತು. ಮದಲಿಂಗ, ಅಂದರೆ ಮದುಮಗ, ಕನ್ಯೆಯ ಮನೆಗೆ ಬಂದು ಅವಳ ತಂದೆಗೆ ತೆರ ಕೊಡುತ್ತಾನೆ. ಇಬ್ಬರೂ ಒಂದೇ ಬಟ್ಟಲಿನ ದ್ರಾಕ್ಷಾರಸ ಕುಡಿದರೆ ಸಂಬಂಧ ಗಟ್ಟಿ. ಆಮೇಲೆ ಅವನು ತಂದೆಯ ಮನೆಯಲ್ಲಿ ಅವಳಿಗೊಂದು ಕೋಣೆ ಕಟ್ಟಲು ಹೋಗುತ್ತಾನೆ. ಕೋಣೆ ಮುಗಿಯಿತೆಂದು ತಂದೆ ಹೇಳುವವರೆಗೆ ತಿರುಗಿ ಬರುವಂತಿಲ್ಲ. ಇವಳು ದೀಪಕ್ಕೆ ಎಣ್ಣೆ ಇಟ್ಟುಕೊಂಡು, ದಿನ ಗೊತ್ತಿಲ್ಲದೆ ಕಾಯಬೇಕು. ಆತ್ಮವೂ ದೇವರನ್ನು ಹೀಗೆಯೇ ಕಾಯಬೇಕು ಎಂದು ಶಾಂತಕುಮಾರರು ಹೇಳಿದರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ಸಭೆಯ ಮಹೇಶ್ವರಿಗೆ ಗಂಗಾವತಿಯ ಹುಡುಗನೊಬ್ಬನ ಜೊತೆ ನಿಶ್ಚಯವಾಗಿತ್ತು. ಗೋವಾಕ್ಕೆ ದುಡಿಯಲು ಹೋದವನು ಬರಲೇ ಇಲ್ಲ. ಐದು ವರ್ಷ ಆಕೆ ಬಂದ ಸಂಬಂಧಗಳನ್ನೆಲ್ಲ ಬೇಡವೆಂದಳು. ಒಂದು ಭಾನುವಾರ ಅವಳ ತಂದೆ ಕುಬೇರಪ್ಪ ಆರಾಧನೆ ಮುಗಿಯುವುದನ್ನೂ ಕಾಯದೆ ಬಾಗಿಲಲ್ಲಿ ನಿಂತು ಕೂಗಾಡಿದ.

"ಉಪದೇಶಿಗಳ, ನನ್ನ ಮಗಳ ಬಾಳೇವು ನೀವ ಕೆಡಿಸಿದ್ರಿ! ಯಾವ ಕಾಲದ್ದೋ, ಯಾವ ದೇಶದ್ದೋ ಮದುವಿ ಹೇಳಿ ಹೇಳಿ ಅಕಿನ್ನ ಮನ್ಯಾಗ ಕುಂದ್ರಿಸಿದ್ರಿ. ಆ ಮಗಾ ಗೋವಾದಾಗ ಖೋಲಿ ಕಟ್ಟಾಕ ಹೋಗ್ಯಾನೇನು?"

"ತಪ್ಪಾತು ಕುಬೇರಪ್ಪ. ದೇವರಿಗೆ ಹೇಳಿದ್ದು ಮನಷ್ಯಾರಿಗೆ ಹತ್ತೂದಿಲ್ಲಂತ ಬಿಡಿಸಿ ಹೇಳಬೇಕಿತ್ತು ನಾ."

ತಮ್ಮ ಮಾತಿನಿಂದ ಒಂದು ಹೆಣ್ಣಿನ ಬಾಳು ಹಾಳಾಗಿದ್ದರೆ ಉಪದೇಶವನ್ನೇ ಬಿಡಬೇಕೆಂದು ನಿಶ್ಚಯಿಸಿ ಅವರು ಅವತ್ತೇ ಮಧ್ಯಾಹ್ನ ಆ ಮನೆಗೆ ಹೋದರು. ಮಹೇಶ್ವರಿ ಸಜ್ಜೆ ಕೇರುತ್ತಿದ್ದಳು.

"ತಂಗಿ, ಅಂವಗ ಅಲ್ಲಿ ಹೆಂಡ್ತಿ ಮಕ್ಕಳು ಅದಾರಂತ. ಬಿಟ್ಟುಬಿಡವ್ವಾ."

"ಗೊತ್ತೈತ್ರಿ ಅಣ್ಣಾರ. ಎರಡು ವರ್ಷದ ಹಿಂದನ ಗೊತ್ತಾತು, ಅವತ್ತ ಬಿಟ್ಟೆ. ಕಾಯೂದು ಮಾತ್ರ ಬಿಡಾಕ ಆಗಲಿಲ್ಲ ನೋಡ್ರಿ. ನೀವು ಯಾರ್ನ ಕಾಯಾಕ ಹೇಳಿದ್ರೋ ಆತನ್ನ ಕಾಯಾಕತ್ತೀನಿ. ದಿನಾ ಬೆಳಗಾದ್ರ ಇವತ್ತ ಬರ್ತಾನೇನೋ ಅನಸ್ತೈತಿ." ಮೊರ ಕೆಳಗಿಟ್ಟು ಕೇಳಿದಳು, "ನಿಮಗೂ ಹಂಗ ಅಕ್ಕೈತಲ್ರಿ?"

ಶಾಂತಕುಮಾರರು ಸುಳ್ಳು ಹೇಳುವವರಲ್ಲ. ಅವಳು ಕೊಟ್ಟ ಚಹಾ ಕುಡಿದು ಎದ್ದರು. ಹೊರಗೆ ಕುಬೇರಪ್ಪನಿಗೆ, "ಅಕಿಗೆ ಒತ್ತಾಯ ಮಾಡಬ್ಯಾಡಪಾ. ನನಗ ಅದು ಪಾಠ, ಅಕಿಗೆ ಹಸಿವಿ" ಎಂದರು. ಆಮೇಲೆ ಒಂದು ವರ್ಷ ಆ ಪಾಠ ಹೇಳಲಿಲ್ಲ. ಬೆಳಗ್ಗೆ ಎದ್ದು ಹೊಸ್ತಿಲಲ್ಲಿ ನಿಂತು ದಾರಿ ನೋಡುತ್ತಿದ್ದರು. ದಾರಿ ಕಾಣುತ್ತಿತ್ತು, ಆ ಹಂಬಲ ಮಾತ್ರ ಬರುತ್ತಿರಲಿಲ್ಲ. ಗಂಗಾವತಿಗೆ ವರ್ಗವಾಗಿ, ಸೇವೆಯ ಕೊನೆಯ ವರ್ಷಗಳಲ್ಲಿ ಮತ್ತೆ ಹೇಳತೊಡಗಿದಾಗ, ಮೊದಲು ತಮ್ಮ ಈ ಕೊರತೆಯನ್ನೇ ಹೇಳಿಕೊಂಡು ಆಮೇಲೆ ಮದುವೆಗೆ ಬರುತ್ತಿದ್ದರು.

ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರೆ ನಮ್ಮ ಕೆಲಸ ಮುಗಿಯಿತು ಎನ್ನುವವರು ಎನ್ನಲಿ. ಅವರ ಆಯುಷ್ಯ ಗಟ್ಟಿಯಾಗಲಿ, ಹಳ್ಳಿಗಳಲ್ಲಿ ಅವರ ಮಾತು ನಿಲ್ಲದಿರಲಿ. ಒಂದು ಬೆಳಗ್ಗೆ ಅವರೇ ಇರಕಲ್ಲಗಡದ ಬಸ್ಸು ಹತ್ತಿ ಹೋಗಿ, ಮಹೇಶ್ವರಿಗೆ "ಹೌದವ್ವಾ, ನನಗೂ ಹಂಗ ಅಕ್ಕೈತಿ" ಎಂದು ಹೇಳಿಬರುವಂತಾಗಲಿ.