ಶನಿವಾರದ ಸಂತೆಯಲ್ಲಿ ಉಪ್ಪು ನೋಡಿದ್ದು

ನಮ್ಮಮ್ಮನ ಮನೆಯಲ್ಲಿ ಒಲೆಯ ಮುಂದೆ ನಿಂತವರು ಬಾಯಿಗೆ ಏನೂ ಹಾಕುವಂತಿರಲಿಲ್ಲ. ದೇವರ ಪಾಲು ತೆಗೆದಿಟ್ಟ ಮೇಲೂ ಅಷ್ಟೇ. ಎಂಜಲು ಕೈ ಸೌಟಿಗೆ ತಾಗಿದರೆ ಪಾತ್ರೆಯೆಲ್ಲ ಎಂಜಲು. ಉಪ್ಪು ಸರಿಯಿದೆಯೋ ಇಲ್ಲವೋ ನೋಡುವುದಕ್ಕೆ ಇನ್ನೊಬ್ಬರು ಬೇಕು. ಅವರು ಅಂಗೈ ಒಡ್ಡಬೇಕು, ನಾವು ಮೇಲಿನಿಂದ ಒಂದಿಷ್ಟು ಸಾರು ಬಿಡಬೇಕು. ಮೈಸೂರಿನ ಆ ಕಟ್ಟಳೆಯನ್ನು ನಾನು ಮಿಷಿಗನ್ನಿನ ನಾರ್ತ್‌ವಿಲ್‌ಗೂ ಹೊತ್ತುಕೊಂಡು ಬಂದೆ. ಎಲ್ಲ ಪಾತ್ರೆಯೂ ಒಂದೇ ಡಿಶ್‌ವಾಷರ್‌ನಲ್ಲಿ ಬಿದ್ದು ಹೊರಳಾಡುವ ಮನೆಯಲ್ಲಿ ಯಾವ ಎಂಜಲು, ಯಾವ ಮುಸುರೆ ಎಂದು ನನ್ನ ಮಗಳು ನಗುತ್ತಾಳೆ. ನಗಲಿ ಬಿಡಿ. ಮೂವತ್ತು ವರ್ಷದ ಅಭ್ಯಾಸವನ್ನು ಅವಳು ನಕ್ಕಳೆಂದು ಬಿಡುವುದಕ್ಕಾಗುತ್ತದೆಯೇ?

ಅಂಗೈ ಒಡ್ಡುವವರು ನನ್ನ ಗಂಡ. ಡಿಯರ್‌ಬಾರ್ನ್‌ನಲ್ಲಿ ಕಾರು ತಯಾರಿಸುವ ಕಂಪನಿಯ ಎಂಜಿನಿಯರ್. ಸಂಜೆ ಬಂದು, ಶೂ ಬಿಚ್ಚಿ, ಕೈ ತೊಳೆದು ನೆಟ್ಟಗೆ ಅಡುಗೆಮನೆಗೆ ಬರುತ್ತಿದ್ದರು. "ಉಪ್ಪು ನೋಡಿ" ಅನ್ನುತ್ತಿದ್ದೆ. ನೆಕ್ಕಿ, ಒಂದು ಕ್ಷಣ ಕಣ್ಣು ಮುಚ್ಚಿ, "ಹುಳಿ ಸ್ವಲ್ಪ ಮುಂದು ಕಣೇ, ಒಂಚೂರು ಬೆಲ್ಲ ಹಾಕು" ಅನ್ನುವರು. ಅವರ ಮಾತು ತಪ್ಪಿದ್ದು ನನಗೆ ನೆನಪಿಲ್ಲ. ಇಲ್ಲಿನ ಕನ್ನಡದವರು ಯುಗಾದಿಗೆ ಸೇರಿ ಬಿಸಿಬೇಳೆಬಾತು ಮಾಡಿದರೂ "ಅಂಕಲ್ ಎಲ್ಲಿ, ಅಂಕಲ್‌ನ ಕರೀರಿ" ಎಂದು ಹುಡುಗರು ಓಡಿ ಬರುತ್ತಿದ್ದರು. ಅವರು ಹಂಡೆಯ ಪಕ್ಕ ಅಂಗೈ ಚಾಚಿ ನಿಂತರೆ ಮಠದ ಸ್ವಾಮಿಗಳ ಗತ್ತು. ಆಗೆಲ್ಲ ನಾನು ಗೇಲಿ ಮಾಡುತ್ತಿದ್ದೆ.

ಆಮೇಲೆ ಅವರ ಗಂಟಲಿನಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು, ರೇಡಿಯೇಶನ್ ಆಯಿತು. ಗಂಟು ಹೋಯಿತು, ಅದರ ಜೊತೆಗೆ ರುಚಿಯೂ ಹೋಯಿತು. ಅನ್ನ ತಿಂದರೆ ಒದ್ದೆ ಕಾಗದ ಅಗಿದ ಹಾಗೆ ಅನ್ನುತ್ತಿದ್ದರು. ಬಾಯಿ ಸದಾ ಒಣಗಿರುತ್ತಿತ್ತು, ನೀರಿನ ಬಾಟಲಿ ಕೈಬಿಟ್ಟು ಎಲ್ಲಿಗೂ ಹೋಗುವಂತಿರಲಿಲ್ಲ. ಖಾರ ಸೋಕಿದರೆ ನಾಲಿಗೆ ಉರಿ, ಅಷ್ಟು ಬಿಟ್ಟರೆ ಸಿಹಿ ಇಲ್ಲ, ಹುಳಿ ಇಲ್ಲ, ಏನೂ ಇಲ್ಲ. ಡಾಕ್ಟರ್ ಹೇಳಿದ್ದು ಇಷ್ಟೇ: ಕೆಲವರಿಗೆ ನಿಧಾನವಾಗಿ ವಾಪಸ್ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಅವರು ತಿನ್ನುವುದನ್ನೇ ಕಡಿಮೆ ಮಾಡಿದರು. ಬೆಲ್ಟಿಗೆ ಹೊಸ ತೂತು ಹಾಕಬೇಕಾಯಿತು. ಕಾಯಿಲೆಗಿಂತ ಈ ಊಟ ಬಿಡುವುದೇ ಇವರನ್ನು ತಿಂದುಹಾಕುತ್ತದೆ ಎಂದು ನನಗೆ ಭಯವಾಗಿತ್ತು. ದೇವರ ಮುಂದೆ ನಿಂತು ಬೇರೆ ಏನೂ ಕೇಳುತ್ತಿರಲಿಲ್ಲ. ಅವರ ನಾಲಿಗೆಗೆ ರುಚಿ ಬರಲಿ, ಅಷ್ಟೇ.

ನಾನೂ ಅಡುಗೆ ಬಿಟ್ಟೆ. ಯಾರಿಗೋಸ್ಕರ ಮಾಡಬೇಕು? ಅವರಿಗೆ ಮೆತ್ತಗಿನ ಮೊಸರನ್ನ, ನನಗೂ ಅದೇ. ಒಗ್ಗರಣೆ ಇಲ್ಲ, ಉಪ್ಪಿನಕಾಯಿ ಇಲ್ಲ. ಎದುರೆದುರು ಕೂತು ತಿಂದು, ತಟ್ಟೆ ತೊಳೆದು, ಟಿವಿ ಹಾಕುತ್ತಿದ್ದೆವು. ಆ ಚಳಿಗಾಲದಲ್ಲಿ ಮನೆಯಲ್ಲಿ ಇಂಗಿನ ವಾಸನೆಯೇ ಇರಲಿಲ್ಲ. ಅಂಥ ಮನೆಗೆ ಯಾರಾದರೂ ಬಂದರೆ ಸಾವಿನ ಮನೆ ಎಂದುಕೊಳ್ಳಬೇಕು, ಹಾಗಿತ್ತು.

ಮಾರ್ಚಿನಲ್ಲಿ ಒಂದು ಸಂಜೆ ಅವರಾಗಿಯೇ ಅಡುಗೆಮನೆಗೆ ಬಂದು ಅಂಗೈ ಒಡ್ಡಿದರು. "ಏನಾದ್ರೂ ಸಾರು ಮಾಡೇ. ಸ್ವಲ್ಪ ಬರ್ತಾ ಇರೋ ಹಾಗಿದೆ. ಹುಳಿ ಗೊತ್ತಾಗ್ತಿದೆ" ಅಂದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಮಾರನೆಯ ದಿನದಿಂದ ಹುಳಿ, ಗೊಜ್ಜು, ಪಲ್ಯ, ಎಲ್ಲ ಶುರು. ಅವರು ಮೊದಲಿನಂತೆ ಅಂಗೈ ಒಡ್ಡಿ ಸರಿ ಇದೆ, ಚೆನ್ನಾಗಿದೆ ಅನ್ನುವರು. ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಆಗಲೂ ಸರಿ ಇದೆ ಅಂದರು. ಊಟಕ್ಕೆ ಕೂತ ಮೇಲೆ ನನಗೆ ಗೊತ್ತಾಗಿ ಬೈದೆ. "ಆಫೀಸಿನ ಯೋಚನೇಲಿದ್ದೆ ಕಣೇ" ಅಂದರು. ಇರಬಹುದು ಅಂದುಕೊಂಡೆ. ತೂಕ ಮಾತ್ರ ಹೆಚ್ಚಲಿಲ್ಲ.

ಮಗಳು ಷಿಕಾಗೋ ಹತ್ತಿರದ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಯಾವುದೋ ಡೇಟಾ ಸೆಂಟರಿನಲ್ಲಿ ಕೆಲಸ ಮಾಡುತ್ತಾಳೆ. ಅಪ್ಪ ಸೊರಗುತ್ತಿರುವುದು ಅವಳ ಕಣ್ಣಿಗೂ ಬಿದ್ದಿತ್ತು. "ಅಪ್ಪಂಗೆ ಒಂದು ಚೇಂಜ್ ಬೇಕಮ್ಮ. ಕ್ರೀಟ್‌ಗೆ ಟಿಕೆಟ್ ಬುಕ್ ಮಾಡಿದೀನಿ. ನೋ ರಿಫಂಡ್" ಎಂದು ಫೋನು ಮಾಡಿದಳು. ಗ್ರೀಸ್ ದೇಶದ ದ್ವೀಪ, ಅಲ್ಲಿನ ಊಟ ಹಗುರ, ಮೆತ್ತಗೆ, ಖಾರ ಇಲ್ಲ ಎಂಬುದು ಅವಳ ಲೆಕ್ಕಾಚಾರ. ಅಕ್ಟೋಬರಿನ ಒಂದು ಬೆಳಿಗ್ಗೆ ನಾರ್ತ್‌ವಿಲ್ ಬಿಟ್ಟು ಷಿಕಾಗೋವರೆಗೂ ಮಳೆಯಲ್ಲೇ ಡ್ರೈವ್ ಮಾಡಿದೆವು. ಏರ್‌ಪೋರ್ಟಿಗೆ ಬಿಡುವಾಗ ಮಗಳು ಅಪ್ಪನ ಮುಖ ನೋಡಿ, "ಆರ್ ಯು ರಿಯಲಿ ಟೇಸ್ಟಿಂಗ್ ಥಿಂಗ್ಸ್, ಅಪ್ಪ?" ಅಂದಳು. "ಬರ್ತಾ ಇದೆ ಪುಟ್ಟಿ" ಅಂದರು. ಇವಳಿಗೇಕೆ ಇಂಥ ಅನುಮಾನ ಎಂದು ನನಗೆ ಸಿಟ್ಟೇ ಬಂತು.

ಫೋಟೋದಲ್ಲಿ ನೋಡಿದ ನೀಲಿ ಸಮುದ್ರ ನಮಗೆ ಸಿಗಲಿಲ್ಲ. ಮೋಡ ಕವಿದು ನೀರು ಅಕ್ಕಿ ತೊಳೆದ ಕಲಗಚ್ಚಿನ ಬಣ್ಣಕ್ಕಿತ್ತು. ಸೀಸನ್ ಮುಗಿದು ಅರ್ಧ ಅಂಗಡಿ ಮುಚ್ಚಿದ್ದವು. ಕರಾವಳಿ ಬಿಟ್ಟು ಒಳಗೆ, ಗುಡ್ಡದ ಮೇಲೊಂದು ಹಳ್ಳಿಯಲ್ಲಿ ನಾವು ಹಿಡಿದ ಮನೆ. ಆ ಮನೆಯೊಡತಿ, ಶನಿವಾರ ಸಂತೆ ಇದೆ, ತಪ್ಪದೆ ಹೋಗಿ ಎಂದು ಹೇಳಿದ್ದಳು. ಶನಿವಾರ ಬೆಳಿಗ್ಗೆ ಎದ್ದು ಹೋದೆವು.

ಚರ್ಚಿನ ಮುಂದಿನ ಬಯಲಿನಿಂದ ಹಿಡಿದು ಇಳಿಜಾರು ಬೀದಿಯುದ್ದಕ್ಕೂ ಸಂತೆ. ವ್ಯಾನುಗಳ ಹಿಂಬಾಗಿಲು ತೆರೆದು, ಮುಂದೆ ಮೇಜು ಹಾಕಿ, ಮೇಲೆ ಟಾರ್ಪಾಲು ಕಟ್ಟಿದ್ದರು. ತುಂತುರಿನ ನೀರು ಟಾರ್ಪಾಲಿನಲ್ಲಿ ನಿಲ್ಲುತ್ತಿತ್ತು, ಅದನ್ನು ಆಗಾಗ ಯಾರೋ ಕೋಲಿನಿಂದ ತಿವಿದು ಚೆಲ್ಲುವರು. ಕಪ್ಪು ಬಟ್ಟೆಯ ಮುದುಕಿಯರು ಗುಡ್ಡದಿಂದ ಕಿತ್ತು ತಂದ ಸೊಪ್ಪನ್ನು ಗುಡ್ಡೆ ಹಾಕಿಕೊಂಡು ಕೂತಿದ್ದರು. ಚೀಸಿನ ದೊಡ್ಡ ದೊಡ್ಡ ಗಾಲಿಗಳು, ಜೇನು, ದಾರದಲ್ಲಿ ಪೋಣಿಸಿದ ಒಣ ಅಂಜೂರ. ಪಕ್ಕದಲ್ಲೇ ರಬ್ಬರ್ ಚಪ್ಪಲಿ, ಪ್ಲಾಸ್ಟಿಕ್ ಬಕೆಟ್ಟು, ಗಂಡಸರ ಒಳಬನಿಯನ್ನು. ಪಂಜರದ ಕೋಳಿಗಳೂ ಬಲೆಚೀಲದಲ್ಲಿ ಹರಿದಾಡುವ ಬಸವನಹುಳುಗಳೂ ಇದ್ದವು. ಕೊಳ್ಳುವವರು ಕಡಿಮೆ, ಅವರೂ ವಯಸ್ಸಾದವರೇ. ಮಾತು ಮೆಲ್ಲಗೆ, ಚೌಕಾಸಿ ಇಲ್ಲ. ದುಡ್ಡು ಕೊಟ್ಟು, ಚೀಲ ಹಿಡಿದು, ಮಳೆಯಲ್ಲಿ ಹೊರಟುಬಿಡುವರು. ಸಂತೆ ಅಂದರೆ ಗದ್ದಲ ಇರಬೇಕು ಎಂದು ಬೆಳೆದ ನನಗೆ ಮನಸ್ಸು ಕುಂದಿತು.

ಆದರೂ ನಾನು ಬಿಡಲಿಲ್ಲ. ಅಲ್ಲಿ ಎಲ್ಲರೂ ಚಾಕುವಿನ ತುದಿಯಲ್ಲಿ ಒಂದು ಚೂರು ರುಚಿಗೆ ಕೊಡುತ್ತಿದ್ದರು. ನಾನು ಅದನ್ನು ಅವರ ಅಂಗೈಗೆ ಹಾಕಿ ಮುಖ ನೋಡುತ್ತಿದ್ದೆ. ಚೀಸು ಹೇಗಿದೆ? ಚೆನ್ನಾಗಿದೆ. ಜೇನು? ತುಂಬಾ ಚೆನ್ನಾಗಿದೆ. ಅಂಜೂರ? ಅದೂ ಚೆನ್ನಾಗಿದೆ. ನಡುನಡುವೆ ಬಾಟಲಿಯಿಂದ ಒಂದು ಗುಟುಕು ನೀರು. ನನಗೆ ಖುಷಿಯೋ ಖುಷಿ. ಮಗಳು ಕಳಿಸಿದ್ದು ದಂಡವಾಗಲಿಲ್ಲ ಎಂದುಕೊಂಡೆ.

ಬೀದಿಯ ಕೊನೆಯಲ್ಲಿ ಒಬ್ಬ ಹೆಂಗಸು ಗೋಣಿಯ ಬಾಯಿ ಮಡಿಚಿಟ್ಟು ಹಸಿರು ಕಾಯಿ ಮಾರುತ್ತಿದ್ದಳು. ದೂರದಿಂದ ನೋಡಿ ನೆಲ್ಲಿಕಾಯಿ ಎಂದು ಜೀವ ಹಿಗ್ಗಿತು. ಹತ್ತಿರ ಹೋದರೆ ಆಲಿವ್, ಮರದಿಂದ ಆಗ ತಾನೇ ಕಿತ್ತದ್ದು, ಎಲೆ ಸಮೇತ. ಆಲಿವ್ ನಮಗೇನು ಹೊಸದಲ್ಲ. ಡಿಯರ್‌ಬಾರ್ನಿನ ಅರಬ್ಬಿ ಅಂಗಡಿಗಳಲ್ಲಿ ಉಪ್ಪುನೀರಿನ ಡಬ್ಬಗಳಲ್ಲಿ ಹತ್ತು ಬಗೆಯದು ಸಿಗುತ್ತದೆ, ಅವರು ಆಫೀಸಿನಿಂದ ಬರುವಾಗ ತರುತ್ತಿದ್ದರು. ಹಸಿಯದನ್ನು ಮಾತ್ರ ನೋಡಿರಲಿಲ್ಲ. ಡಬ್ಬದ್ದೇ ಅಷ್ಟು ರುಚಿಯಾದರೆ ಮರದಿಂದ ಕಿತ್ತದ್ದು ಇನ್ನೆಷ್ಟು ರುಚಿ ಇರಬೇಡ? ಕಾಯಿ ಕಂಡರೆ ಉಪ್ಪು ಹಚ್ಚಿ ಕಚ್ಚುವ ಜನ ನಾವು. ಮಾವು, ಸೀಬೆ, ಹುಣಸೆ, ಬಿಂಬಲಕಾಯಿ, ಯಾವುದನ್ನು ಬಿಟ್ಟಿದ್ದೇವೆ? ನನ್ನ ಕೈಚೀಲದಲ್ಲಿ ಉಪ್ಪು ಖಾರದ ಪೊಟ್ಟಣ ಯಾವಾಗಲೂ ಇರುತ್ತದೆ. ಅವರಿಗೆ ಕಾಯಿಲೆ ಬಂದ ಮೇಲೆ ಖಾರ ಬಿಟ್ಟು ಬರೀ ಉಪ್ಪು.

ಎರಡು ಕಾಯಿ ಆರಿಸಿ, ಬಾಟಲಿಯ ನೀರಲ್ಲಿ ತೊಳೆದು, ಉಪ್ಪಿನಲ್ಲಿ ಹೊರಳಿಸಿ, ಒಂದನ್ನು ಅವರ ಅಂಗೈಗೆ ಹಾಕಿದೆ. ಮಾರುವವಳು ಕೈ ಅಲ್ಲಾಡಿಸಿ ಏನೋ ಹೇಳಿದಳು. ಪುಕ್ಕಟೆ ತಿನ್ನಬೇಡಿ ಅನ್ನುತ್ತಿದ್ದಾಳೆ ಎಂದುಕೊಂಡು ನಾನು, ಕೊಳ್ಳುತ್ತೇವೆ ಎಂದು ಪರ್ಸು ತೋರಿಸಿದೆ. ಅಷ್ಟರಲ್ಲಿ ಇವರು ಕಚ್ಚಿ ಆಗಿತ್ತು. ನಿಧಾನವಾಗಿ ಅಗಿದರು. ಒಂದು ಕ್ಷಣ ಕಣ್ಣು ಮುಚ್ಚಿದರು.

"ಚೆನ್ನಾಗಿದೆ ಕಣೇ. ನಮ್ಮ ನೆಲ್ಲಿಕಾಯಿ ಥರಾನೇ. ಸ್ವಲ್ಪ ಹುಳಿ, ಸ್ವಲ್ಪ ಒಗರು. ಕೊನೇಲಿ ಸಿಹಿ."

ಬರೀ ಚೆನ್ನಾಗಿದೆ ಅಲ್ಲ, ಹುಳಿ, ಒಗರು, ಸಿಹಿ ಎಂದು ಬಿಡಿಸಿ ಹೇಳಿದರು. ಹಂಡೆಯ ಮುಂದೆ ನಿಂತು ಹೇಳುತ್ತಿದ್ದ ಹಾಗೆ. ನಾನು ಅಲ್ಲೇ ಮಳೆಯಲ್ಲಿ ನಿಂತು ಮಗಳಿಗೆ ಮೆಸೇಜ್ ಕಳಿಸಿದೆ: ಅಪ್ಪನಿಗೆ ರುಚಿ ಪೂರ್ತಿ ಬಂದಿದೆ. ಆಮೇಲೆ ನನ್ನ ಕೈಲಿದ್ದ ಕಾಯಿಯನ್ನು ಕಚ್ಚಿದೆ.

ಅಂಥ ಕಹಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಹಾಗಲಕಾಯಿ ಇದರ ಮುಂದೆ ಏನೂ ಅಲ್ಲ. ನಾಲಿಗೆ, ಗಂಟಲು, ಕಿವಿಯ ಬುಡದವರೆಗೂ ಕಹಿ. ಬಗ್ಗಿ ಉಗಿದೆ, ಬಾಯಿ ಮುಕ್ಕಳಿಸಿದೆ, ಮತ್ತೆ ಉಗಿದೆ. ಮಾರುವವಳು ತಲೆ ಚಚ್ಚಿಕೊಂಡು, ಪಕ್ಕದ ಡಬ್ಬದಲ್ಲಿ ಉಪ್ಪುನೀರಿಗೆ ಹಾಕಿಟ್ಟಿದ್ದನ್ನು ತೋರಿಸಿದಳು. ವಾರಗಟ್ಟಲೆ ನೆನೆಸದೆ ಅದನ್ನು ಯಾರೂ ಬಾಯಿಗೆ ಇಡುವುದಿಲ್ಲವಂತೆ, ಮನೆಯೊಡತಿ ಆಮೇಲೆ ಹೇಳಿದಳು. ತಲೆ ಎತ್ತಿ ನೋಡಿದರೆ ನನ್ನ ಗಂಡ ಗೋಣಿಯಿಂದ ಇನ್ನೊಂದು ಕಾಯಿ ತೆಗೆದು ಆರಾಮವಾಗಿ ಅಗಿಯುತ್ತಿದ್ದರು.

"ಉಗೀರಿ" ಅಂದೆ.

"ಯಾಕೆ?"

"ವಿಷ ಇದ್ದ ಹಾಗಿದೆ ರೀ. ಉಗೀರಿ."

ಅಗಿಯುವುದು ನಿಂತಿತು. ನನ್ನ ಮುಖ ನೋಡಿದರು. ಆ ಕಡೆ ತಿರುಗಿ ಕರವಸ್ತ್ರದಲ್ಲಿ ಉಗಿದು, ಮಡಿಚಿ ಜೇಬಿಗೆ ಹಾಕಿಕೊಂಡರು.

"ಮಾರ್ಚಿನಲ್ಲಿ ಹುಳಿ ಗೊತ್ತಾಗ್ತಿದೆ ಅಂದ್ರಲ್ಲ" ಅಂದೆ.

"ಇಲ್ಲ ಕಣೇ. ಒಂದು ದಿನಾನೂ ಗೊತ್ತಾಗಿಲ್ಲ."

ನಾನು ಬಾಯಿ ಜೋರಿನ ಹೆಂಗಸು. ಇನ್ನೊಂದು ದಿನವಾಗಿದ್ದರೆ ಸಂತೆಗೆ ಸಂತೆಯೇ ತಿರುಗಿ ನೋಡಬೇಕಿತ್ತು. ಮೈಯೆಲ್ಲ ಸಿಟ್ಟಿತ್ತು, ಸ್ವರ ಮಾತ್ರ ಏಳಲಿಲ್ಲ. ಏಳು ತಿಂಗಳಿಂದ ನಾನು ಅರೆದದ್ದು, ಹುರಿದದ್ದು, ಒಗ್ಗರಣೆ ಹಾಕಿದ್ದು ಎಲ್ಲ ಇವರಿಗೆ ಒದ್ದೆ ಕಾಗದ.

"ಮತ್ಯಾಕೆ ಸುಳ್ಳು ಹೇಳಿದ್ರಿ?"

ಅವರು ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತರು. "ನೀನು ನನ್ನೆದುರಿಗೆ ಕೂತ್ಕೊಂಡು ಒಗ್ಗರಣೆ ಇಲ್ಲದ ಮೊಸರನ್ನ ತಿಂತಿದ್ದೆ. ನಂಗೆ ಹೋಗಿದ್ದು ಹೋಯ್ತು, ನಿನ್ನ ನಾಲಿಗೇನೂ ನಾನೇ ಕಿತ್ಕೊಂಡ ಹಾಗಾಗಿತ್ತು. ಅದನ್ನ ದಿನಾ ನೋಡಕ್ಕೆ ಆಗ್ಲಿಲ್ಲ."

ಕಹಿ ಇನ್ನೂ ಬಾಯಲ್ಲೇ ಇತ್ತು. ಮಳೆ ಜೋರಾಯಿತು, ವ್ಯಾಪಾರಿಗಳು ಮೇಜು ಮಡಿಚತೊಡಗಿದರು. ನಾವು ಏನೂ ಕೊಳ್ಳದೆ ಇಳಿಜಾರಿನಲ್ಲಿ ಇಳಿದು ಬಂದೆವು. ಮಧ್ಯಾಹ್ನ ಮಗಳ ಉತ್ತರ ಬಂತು, ಪರದೆಯ ತುಂಬ ಹಾರ್ಟುಗಳು. ಅದಕ್ಕೆ ಏನು ಬರೆಯಬೇಕೆಂದು ತಿಳಿಯದೆ ಫೋನು ಕವುಚಿ ಇಟ್ಟೆ. ಉಳಿದ ದಿನಗಳನ್ನು ಕಿಟಕಿಯ ಹತ್ತಿರ ಕೂತು ಕಳೆದೆವು.

ಷಿಕಾಗೋದಲ್ಲಿ ಇಳಿದಾಗ ಮಗಳು ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದಿದ್ದಳು. ಕಾರು ಹೊರಟ ಮೇಲೆ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಡಬ್ಬಿ ತೆರೆದು ಅಪ್ಪನ ಮುಂದೆ ಹಿಡಿದಳು. ಅವರು ಒಂದು ತುಂಡು ತೆಗೆದುಕೊಂಡು ತಿಂದರು. ಹೇಗಿದೆ ಎಂದು ಅವಳು ಕೇಳಿದಳು. "ಗೊತ್ತಾಗಲ್ಲ ಪುಟ್ಟಿ. ಅಮ್ಮ ಬರೆದಿದ್ದು ತಪ್ಪು, ಅದು ನನ್ನಿಂದಾಗಿ" ಅಂದರು. ಅವಳು "ಓಕೆ" ಅಂದಳು. ರಸ್ತೆಯನ್ನೇ ನೋಡುತ್ತಿದ್ದವಳು, ದಿನಾ ಓಡಾಡುವ ದಾರಿಯಲ್ಲೇ ಎಕ್ಸಿಟ್ ತಪ್ಪಿಸಿಕೊಂಡಳು.

ಇಷ್ಟು ತಿಂಗಳಾದ ಮೇಲೆ ಇನ್ನು ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ. ನಾರ್ತ್‌ವಿಲ್‌ನಲ್ಲಿ ಹಿಮ ಶುರುವಾಗಿದೆ. ನಾನು ಅಡುಗೆ ಬಿಟ್ಟಿಲ್ಲ, ಬಿಡುವ ಧೈರ್ಯ ಇಲ್ಲ. ಅಮ್ಮನ ಕಟ್ಟಳೆಯನ್ನು ಮಾತ್ರ ಬಿಟ್ಟಿದ್ದೇನೆ. ಒಲೆಯ ಮುಂದೆಯೇ ನಿಂತು, ನನ್ನ ಅಂಗೈಗೆ ನಾನೇ ಸಾರು ಬಿಟ್ಟುಕೊಂಡು, ಉಪ್ಪು ನಾನೇ ನೋಡುತ್ತೇನೆ. ಅವರು ಈಗಲೂ ಸಂಜೆ ಶೂ ಬಿಚ್ಚಿ, ಕೈ ತೊಳೆದು ಬರುತ್ತಾರೆ. ಬಂದು ಪಕ್ಕದಲ್ಲಿ ನಿಂತು ಅಂಗೈ ಒಡ್ಡುತ್ತಾರೆ. ಒಂದಿಷ್ಟು ಬಿಡುತ್ತೇನೆ. ನೆಕ್ಕಿ, ಕಣ್ಣು ಮುಚ್ಚಿ, "ಹೇಗಿದೆ ಹೇಳು" ಅನ್ನುತ್ತಾರೆ.

"ಹುಳಿ ಸ್ವಲ್ಪ ಮುಂದು ರೀ" ಅನ್ನುತ್ತೇನೆ. "ಉಪ್ಪು ಸರಿ ಇದೆ."